ಎತ್ತದೇ ಉಳಿದ ಎಲೆಚೀಲ

ಮಾರ್ಚ್ ೯, ರಾತ್ರಿ

ಅಣ್ಣಾ,

ನಿನ್ನ ಮೂರು ಮೆಸೇಜಿಗೂ ಉತ್ತರ ಕೊಡಲಿಲ್ಲ, ತಪ್ಪಾಯ್ತು ಅಂದ್ಕೋ. ಬರೆಯೋಕೆ ತಾಳ್ಮೆ ಇಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದ್ದೀನಿ. ಪಕ್ಕದ ಮಂಚದವನು ಮಲಗಿದ್ದಾನೆ, ದನಿ ಏರಿಸೋ ಹಾಗಿಲ್ಲ. ನಿನ್ನ ಪುಣ್ಯ.

ಅದೇನು ಮಹಾ ಕೆಲಸ ಅಂತ ನಿನ್ನ ಜಾಗಕ್ಕೆ ನನ್ನನ್ನ ತಳ್ಳಿ ಊರಿಗೆ ಹೋದೆ. ಬಲೆಚೀಲಕ್ಕೆ ಹತ್ತು ಗ್ರಾಂ ಒಣಗಿದ ಎಲೆ ತುಂಬಿ ನೆಲದ ಮೇಲಿಡೋದು, ಚೀಟೀಲಿರೋ ತಾರೀಖು ಬಂದಾಗ ಎತ್ತಿ, ಮಣ್ಣು ತೊಳೆದು, ಒಣಗಿಸಿ, ಉಳಿದಿದ್ದು ತೂಗೋದು. ಎಲೆ ಎಷ್ಟು ಬೇಗ ಮಣ್ಣಾಗುತ್ತೆ, ಮರಕ್ಕೆ ಎಷ್ಟು ಸತ್ವ ವಾಪಸ್ ಹೋಗುತ್ತೆ, ಅಷ್ಟೇ. ಕಾಡಲ್ಲಿ ನಾಲ್ಕು ತಿಂಗಳಿಗೆ ನರ ಬಿಟ್ಟು ಏನೂ ಉಳಿಯಲ್ಲ. ಗುಡ್ಡದಾಚೆ ನೀಲಗಿರಿ ತೋಪಲ್ಲಿ ಎಲೆ ಚಪ್ಪಲಿ ತೊಗಲಿನ ಹಾಗೆ ಬಿದ್ದಿರುತ್ತೆ, ಹುಳ ಕೂಡ ಮೂಸಲ್ಲ.

ನೀನು ತೂಕ ಬರೆದಿಟ್ಟ ಪುಸ್ತಕದಲ್ಲಿ ಮಾತ್ರ ತೋಪಿನ ಎಲೆನೂ ಕಾಡಿನಷ್ಟೇ ಕೊಳೆತಿದೆ. ಆ ಅಂಕಿ ನಂಬ್ಕೊಂಡು ಸಂಶೋಧನಾ ಕೇಂದ್ರದ ಮೇಡಂ ತೋಪಿಗೆ ಗೊಬ್ಬರ ಬೇಡ ಅಂದಿದ್ರಂತೆ. ಈ ಸಲ ನೆಟ್ಟ ಸಸಿಯೆಲ್ಲಾ ಹಳದಿ ತಿರುಗಿದೆ. ಇವತ್ತು ನನ್ನ ತೂಕದ ಹಾಳೆ ಟೇಬಲ್ ಮೇಲೆ ಎಸೆದು, "ನಿಮ್ಮಣ್ಣ ಇದ್ದಾಗ ಕೊಳೀತಿದ್ದ ಎಲೆ ನೀನು ಬಂದ್ಮೇಲೆ ಮುನಿಸ್ಕೊಂಡ್ತಾ?" ಅಂದ್ರು. ಎಲ್ಲರೂ ನಕ್ಕರು. ಯಾರ ಅಂಕಿ ಸುಳ್ಳು ಅಂತ ಸೋಮವಾರದೊಳಗೆ ತೋರಿಸದಿದ್ರೆ ಗಂಟುಮೂಟೆ ಕಟ್ಟಬೇಕಂತೆ.

ಫೋನ್ ಮಾಡಿ ನಿನ್ನ ಕೇಳಿದ್ದಕ್ಕೆ ಏನಂದೆ? "ನೀನೂ ಹಾಗೇ ಬರ್ಕೊಂಡು ಹೋಗೋ, ಎಲೆ ಬಂದು ಸಾಕ್ಷಿ ಹೇಳುತ್ತಾ?"

ಹೇಳ್ತು. ಮಧ್ಯಾಹ್ನ ತೋಪಿಗೆ ಹೋಗಿ ತರಗು ಕೆದಕಿದೆ. ನಿನ್ನ ಕಾಲದ ಮೂವತ್ತಾರು ಚೀಲ, ನಿನ್ನ ಕೈಬರಹದ ಚೀಟಿ ಸಮೇತ, ಸಾಲಾಗಿ ಮಲಗಿವೆ. ರೂಮಲ್ಲಿ ಕಾಲು ಚಾಚ್ಕೊಂಡೇ ತೂಕ ಬರೆದಿದ್ದೀಯ. ಸೋಮವಾರ ಮೇಡಂ ಟೇಬಲ್ ಮೇಲೆ ಸುರೀತೀನಿ. ಮಳೆಗಾಲಕ್ಕೆ ಮೇಸ್ತ್ರಿಯಾಗಿ ವಾಪಸ್ ಬರ್ತೀನಿ ಅಂದಿದ್ದೆಯಲ್ಲ, ಆ ಆಸೆ ಬಿಡು.

ದೊಡ್ಡವನು ನೀನು, ಆಶೀರ್ವಾದ ನಾನು ಕೇಳಬೇಕು. ಇರಲಿ, ನಾನೇ ಮಾಡ್ತೀನಿ: ನಿನಗೆ ಚೆನ್ನಾಗಿ ನಿದ್ದೆ ಬರಲಿ. ಅತ್ತಿಗೆನ, ಪುಟ್ಟಿನ ಕೇಳಿದೆ ಅಂತ ಹೇಳು.

ನಿನ್ನ ತಮ್ಮ

ಮರೆತಿದ್ದೆ: ಒಂದು ಚೀಲ ಮಾತ್ರ ಮೇಡಂಗೆ ಕೊಡಲ್ಲ. ಅದರ ಚೀಟೀಲಿ ಎತ್ತಬೇಕಾದ ದಿನ ಆಗಸ್ಟ್ ಹನ್ನೊಂದು. ಅಮ್ಮ ಹೋದ ದಿನ. ನೀನು ಬರ್ತೀಯ ಅಂತ ಸಂಜೆವರೆಗೂ ಅಮ್ಮನ್ನ ಎತ್ತದೆ ಕಾದ್ವಿ. ತೋಪಲ್ಲಿ ಚೀಲ ಎತ್ತುತ್ತಿದ್ದೆ, ಸಿಗ್ನಲ್ ಇರಲಿಲ್ಲ ಅಂತ ಆಮೇಲೆ ನೀನು ಬಂದು ಅತ್ತೆ. ಆ ಚೀಲ ಈಗ ನನ್ನ ತೊಡೆ ಮೇಲಿದೆ, ಹಾಕಿದ ಗಂಟು ಹಾಗೇ ಇದೆ. ಎಲ್ಲಿದ್ದೆ ಅಣ್ಣಾ?