ಹಿಂದೆ ಎಷ್ಟು ಲೋಡ್?

ಮಾರ್ಚ್ ೪, ಸೋಮವಾರ

ಇವತ್ತೂ ಅದೇ. ಆಸ್ಪತ್ರೆ ಗೇಟಿನ ಮುಂದಿನ ಹಂಪು. ಎಷ್ಟು ನಿಧಾನ ಮಾಡಿದರೂ ಹಿಂದಿನ ಚಕ್ರ ಇಳಿಯುವಾಗ ಧಡ್. ಇವರು ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು ಕಿಟಕಿಯಾಚೆ ನೋಡಿದರು. ನೋವಾಯಿತಾ ಅಂದೆ. "ಇಲ್ಲ" ಅಂದರು. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಬೆನ್ನಿನ ಆಪರೇಷನ್ ಆದಾಗಿನಿಂದ ಈ ಮನುಷ್ಯನ ನೋವನ್ನು ಕೈ ನೋಡಿ ತಿಳಿಯಬೇಕು. ಬಾಯಿಯಂತೂ ಹೇಳುವುದಿಲ್ಲ.

ಇವರನ್ನು ಫಿಸಿಯೋಥೆರಪಿಗೆ ಬಿಟ್ಟೆ. ಅದೇ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನನ್ನ ಡ್ಯೂಟಿ. ಮಧ್ಯಾಹ್ನ ಬಿಡುವು ಮಾಡಿಕೊಂಡು ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದೆ. ಆತ ಕೆಳಗೆ ತೂರಿ, ಹೊರಗೆ ಬಂದು, ಕೈ ಒರೆಸಿಕೊಂಡ.

"ಶಾಕ್ ಅಬ್ಸಾರ್ಬರ್ ನಾಲ್ಕೂ ಎಣ್ಣೆ ಕಾರ್ತಾ ಇವೆ ಮೇಡಂ. ಹಿಂದಿನ ಸ್ಪ್ರಿಂಗ್ ಪೂರ್ತಿ ಕೂತ್ಬಿಟ್ಟಿದೆ. ಇದ್ರಲ್ಲಿ ಏನು, ಬಂಡೆ ಸಾಗಿಸ್ತಿದ್ರಾ?"

ಬಂಡೆಯಲ್ಲ, ಕಬ್ಬಿಣ. ಅಂಗಡಿ, ಗಿರಣಿ, ಗೋದಾಮುಗಳ ತೂಕದ ಯಂತ್ರ ಸರಿ ತೂಗುತ್ತದೋ ಇಲ್ಲವೋ ಅಂತ ಪರೀಕ್ಷಿಸಿ ರಿಪೇರಿ ಮಾಡುವುದು ಇವರ ಕಸುಬು. ಡಿಕ್ಕಿಯಲ್ಲಿ ಯಾವಾಗಲೂ ಇಪ್ಪತ್ತು ಕಿಲೋದ ತೂಕದ ಬಟ್ಟುಗಳು ಇರುತ್ತಿದ್ದವು. ಅವನ್ನು ಹೊತ್ತು ಹೊತ್ತೇ ಕಾರಿನ ಬೆನ್ನೂ ಹೋಯಿತು, ಇವರ ಬೆನ್ನೂ ಹೋಯಿತು.

ಈ ಮಾಡೆಲ್ ನಿಂತು ಕಾಲವಾಯಿತಂತೆ. ಕಂಪನಿ ಪಾರ್ಟ್ ಬರುವುದಿಲ್ಲ. ಹೊರಗಿನ ಬ್ರ್ಯಾಂಡ್ ಹಾಕಬೇಕು. "ಯಾವುದು ಬೇಕು ಅಂತ ನೀವು ಹೇಳಿ" ಅಂದ. ನಾನು ಹೇಳಬೇಕಂತೆ!

ಮಾರ್ಚ್ ೬, ಬುಧವಾರ

ಸುಲಭ ಅಂದುಕೊಂಡಿದ್ದೆ. ಮಾತ್ರೆ ಇದ್ದ ಹಾಗೆ — ಒಳಗಿನ ಮದ್ದು ಒಂದೇ ಇದ್ದರೆ ಯಾವ ಕಂಪನಿಯದಾದರೇನು. ದಿನಕ್ಕೆ ನೂರು ಜನಕ್ಕೆ ಅದನ್ನೇ ಹೇಳುತ್ತೇನೆ.

ಇದು ಹಾಗಲ್ಲ. ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಹಿಡಿದು ನಿಲ್ಲಿಸುವುದು ಶಾಕ್. ಇಷ್ಟು ಅರ್ಥವಾಯಿತು. ಇಲ್ಲಿಂದ ಮುಂದೆ ಕತ್ತಲು. ಗ್ಯಾಸ್ ಶಾಕ್, ಆಯಿಲ್ ಶಾಕ್. ಕಂಫರ್ಟ್ ಸೆಟ್, ಹೆವಿ ಡ್ಯೂಟಿ ಸೆಟ್. ಸುರುಳಿ ದಪ್ಪ ಬೇರೆ, ಉದ್ದ ಬೇರೆ. ಒಂದೇ ಕಾರಿನ ಬೇರೆ ಬೇರೆ ವರ್ಷದ ಮಾಡೆಲ್‌ಗಳಲ್ಲೇ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲವಂತೆ.

ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ. "ಹಿಂದೆ ಎಷ್ಟು ಲೋಡ್ ಇರುತ್ತೆ ಮೇಡಂ? ಅದರ ಮೇಲೆ ಎಲ್ಲಾ."

ಎಷ್ಟು ಲೋಡ್ ಇರುತ್ತದೆ? ಇರುತ್ತಿತ್ತು. ಈಗ ಇಲ್ಲ. ಮುಂದೆ...? ಕೇಳಿ ಹೇಳುತ್ತೇನೆ ಅಂದು ಬಂದೆ. ಯಾರನ್ನು ಕೇಳಲಿ? ಮತ್ತೆ ಭಾರ ಎತ್ತಬಹುದೋ ಇಲ್ಲವೋ ಅಂತ ಸರ್ಜನ್ನೇ ಹೇಳಿಲ್ಲ. ಸ್ಕ್ಯಾನ್ ನೋಡಿ ಹೇಳುತ್ತೇನೆ ಅಂದಿದ್ದಾರೆ.

ಮಾರ್ಚ್ ೯, ಶನಿವಾರ

ಎಲ್ಲಬಲ್ಲ ಬಂದಿದ್ದ. ನನ್ನ ಮೈದುನ. ಸ್ವಂತ ಕಾರಿಲ್ಲ, ಆದರೆ ಕಾರಿನ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿಲ್ಲ. ಫೋನಿನಲ್ಲಿ ವಿಡಿಯೋ ಹಿಡಿದು ನನ್ನ ಹಿಂದೆಯೇ ಅಡುಗೆಮನೆ ಸುತ್ತಿದ.

"ಲೋ ಮಾಡಿಸಿ ಅತ್ತಿಗೆ. ಎರಡಿಂಚು ಕೆಳಗೆ ಇಳಿಸಿದ್ರೆ ರೋಡಿಗೆ ಅಂಟಿಕೊಂಡು ಓಡುತ್ತೆ."

"ಅಂಟಿಕೊಂಡರೆ ಹಂಪ್ ದಾಟೋದು ಹೇಗಪ್ಪಾ?"

"ಹಂಪ್ ಇಲ್ಲದ ದಾರೀಲಿ ಹೋಗಿ."

ಆಸ್ಪತ್ರೆಯನ್ನೇ ಬೇರೆ ಕಡೆ ಕಟ್ಟಿಸು ಅಂದೆ. ಇವರು ನಕ್ಕರು. ತುಂಬಾ ದಿನದ ಮೇಲೆ ನಕ್ಕದ್ದು. ನಕ್ಕದ್ದಕ್ಕೂ ಬೆನ್ನು ಹಿಡಿದುಕೊಂಡಿತು.

ಆಮೇಲೆ ಇವರು ಹೇಳಿದರು, ಮೇಜಿನ ಮೇಲೆ ಬೆರಳು ಕುಟ್ಟುತ್ತಾ: "ಹೆವಿ ಡ್ಯೂಟಿ ಹಾಕಿಸು. ನಾನು ಕೆಲಸಕ್ಕೆ ಹೋದಮೇಲೆ ಮತ್ತೆ ಯಾರು ಬದಲಾಯಿಸ್ತಾರೆ?"

ಎಲ್ಲಬಲ್ಲ ವಿಡಿಯೋ ಆರಿಸಿ ಫೋನನ್ನು ಜೇಬಿಗೆ ಹಾಕಿಕೊಂಡ.

ಮಾರ್ಚ್ ೧೦, ಭಾನುವಾರ

ಲೋಡಿಲ್ಲದೆ ಹೆವಿ ಡ್ಯೂಟಿ ಹಾಕಿದರೆ ಹಲಗೆಯ ಮೇಲೆ ಕೂತ ಹಾಗಿರುತ್ತದಂತೆ. ಪ್ರತಿ ಗುಂಡಿಯೂ ನೇರ ಬೆನ್ನಿಗೆ. ಕಂಫರ್ಟ್ ಹಾಕಿದರೆ ಬೆನ್ನಿಗೆ ಸುಖ. ಆದರೆ "ನೀವಿನ್ನು ಕೆಲಸಕ್ಕೆ ಹೋಗುವುದಿಲ್ಲ" ಅಂತ ನಾಲ್ಕು ಚಕ್ರಕ್ಕೂ ಬರೆಸಿದ ಹಾಗೆ. ಅತ್ತ ದರಿ, ಇತ್ತ ಪುಲಿ.

"ರೀ, ಸದ್ಯಕ್ಕೆ ಮೆತ್ತನೆಯದು ಹಾಕಿಸೋಣ" ಅಂದೆ.

"ಸದ್ಯಕ್ಕೆ ಅಂತ ಸ್ಪ್ರಿಂಗ್ ಹಾಕಿಸ್ತಾರೇನೇ ಯಾರಾದ್ರೂ?"

ಹೋಗಿ ಪಾತ್ರೆ ತೊಳೆದೆ. ತೊಳೆದಿಟ್ಟದ್ದನ್ನೇ ಮತ್ತೆ ತೊಳೆದೆ.

ಮಾರ್ಚ್ ೧೪, ಗುರುವಾರ. ಸಂಜೆ ೫

ಹಾವೂ ಸಾಯಬೇಕು ಕೋಲೂ ಮುರಿಯಬಾರದು. ಕೌಂಟರಿನಲ್ಲಿ ಕೂತಿದ್ದಾಗ ಹೊಳೆಯಿತು. ಸ್ಪ್ರಿಂಗ್ ಇವರು ಹೇಳಿದ್ದು — ಹೆವಿ ಡ್ಯೂಟಿ. ಶಾಕ್ ನನ್ನದು — ಕಂಫರ್ಟ್. ಜೋರು ಮಾತ್ರೆ ಕೊಟ್ಟರೆ ಜೊತೆಗೊಂದು ಹೊಟ್ಟೆ ತಣ್ಣಗಿಡುವ ಮಾತ್ರೆ ಕೊಡುವುದಿಲ್ಲವೇ, ಹಾಗೆ. ಕುಣಿದಾಡುತ್ತಾ ಗ್ಯಾರೇಜಿಗೆ ಹೋದೆ.

ಮೆಕ್ಯಾನಿಕ್ ನನ್ನನ್ನು ನೋಡಿದ ನೋಟ!

"ಮೇಡಂ, ಅವೆರಡೂ ಜೋಡಿ. ಗಟ್ಟಿ ಸ್ಪ್ರಿಂಗ್ ಎಗರಿದರೆ ಮೆತ್ತನೆ ಶಾಕ್ ಹಿಡಿಯೋಕಾಗಲ್ಲ. ಈಗ ಒಂದು ಸಲ ಧಡ್ ಅನ್ನೋದು ಆಮೇಲೆ ನಾಲ್ಕು ಸಲ ಕುಣಿಯುತ್ತೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತಾರಲ್ಲ, ಹಾಗೆ. ನಾನಂತೂ ಹಾಕಲ್ಲ."

"ಅರ್ಧ ಅರ್ಧ ಆಗಲ್ವಾ?"

"ಅರ್ಧ ಲೋಡ್ ಇದ್ರೆ ಹೇಳಿ, ನೋಡೋಣ."

ತಲೆ ಮೊಸರುಗಡಿಗೆಯಾಗಿದೆ. ಮನೆಯಲ್ಲಿ ನಾವೂ ಅಷ್ಟೇ ತಾನೇ, ಅವರೊಂದು ಕಡೆ ನಾನೊಂದು ಕಡೆ. ಇಷ್ಟು ವರ್ಷ ನಡೆದುಕೊಂಡೇ ಬಂದಿದೆ. ಕಾರಿಗೆ ಮಾತ್ರ ಆಗುವುದಿಲ್ಲವಂತೆ.

ಮಾರ್ಚ್ ೧೬, ಶನಿವಾರ

ಒಪ್ಪಿಬಿಟ್ಟೆ. ಹೆವಿ ಡ್ಯೂಟಿ. ಶಾಕೂ, ಸ್ಪ್ರಿಂಗೂ.

ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದೆ. ಹಿಂದಿನ ವರಾಂಡದಲ್ಲಿ ಇವರು ಸ್ಟೂಲ್ ಹಾಕಿಕೊಂಡು ಕೂತಿದ್ದರು. ಗೋಡೆಗೆ ಸಾಲಾಗಿಟ್ಟ ಬಟ್ಟುಗಳನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದರು. ಎತ್ತುತ್ತಿರಲಿಲ್ಲ, ಒರೆಸುತ್ತಿದ್ದರು ಅಷ್ಟೇ. ತುಕ್ಕು ಹಿಡಿದರೆ ತೂಕ ಬದಲಾಗುತ್ತದೆ ಅಂದರು. ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದರು. ಒದ್ದೆ ಬಟ್ಟೆ ಹಿಡಿದೇ ನೋಡುತ್ತಾ ನಿಂತೆ.

"ನೀವು ಹೇಳಿದ್ದನ್ನೇ ಹಾಕಿಸ್ತೀನಿ ಬಿಡಿ" ಅಂದೆ.

ತಲೆಯೆತ್ತಿ ನೋಡಿದರು. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಆ ಮುಖ ಖುಷಿಯದೋ ಏನೋ ನನಗೆ ತಿಳಿಯಲಿಲ್ಲ. "ಆಯ್ತು" ಅಂದು ಮತ್ತೆ ಒರೆಸತೊಡಗಿದರು.

ಮಾರ್ಚ್ ೨೩, ಶನಿವಾರ

ಹಾಕಿಸಿದ್ದಾಯಿತು. ಇಷ್ಟು ದಿನ ಕುಕ್ಕರುಗಾಲಿನಲ್ಲಿ ಕೂತಂತಿದ್ದ ಕಾರು ಹಿಂಭಾಗ ಎತ್ತಿ ನಿಂತಿದೆ. ನೋಡಲು ಚೆಂದ. ಒಳಗೆ ಕೂತರೆ ಪ್ರಾಣಸಂಕಟ. ರಸ್ತೆಯಲ್ಲಿ ಬಿದ್ದ ಬೆಂಕಿಕಡ್ಡಿಯೂ ಸೊಂಟಕ್ಕೆ ತಿಳಿಯುತ್ತದೆ.

ಇವರನ್ನು ಒಂದು ಸುತ್ತು ಕರೆದೊಯ್ದೆ. ಹೋದದ್ದು ಮೂಲೆಯ ಬೇಕರಿಯವರೆಗೆ. ಇಳಿಯುವಾಗ ಬಾಗಿಲು ಹಿಡಿದು ತುಂಬಾ ಹೊತ್ತು ನಿಂತರು. "ಚೆನ್ನಾಗಿದೆ" ಅಂದರು. ಅಂದವರು ಮಲಗಿಕೊಂಡರು. ಊಟಕ್ಕೂ ಏಳಲಿಲ್ಲ.

ಏನು ಮಾಡಿಬಿಟ್ಟೆ ನಾನು.

ಮಾರ್ಚ್ ೨೪, ಭಾನುವಾರ. ಬೆಳಿಗ್ಗೆ ೭

ಮೆಕ್ಯಾನಿಕ್‌ಗೆ ಫೋನ್ ಮಾಡಿ ಎಬ್ಬಿಸಿದೆ. ಆಕಳಿಸುತ್ತಲೇ ಹೇಳಿದ: "ಅದು ಲೋಡಿಗೆ ಮಾಡಿದ ಸ್ಪ್ರಿಂಗು ಮೇಡಂ. ಹಿಂದೆ ಭಾರ ಬಿದ್ದರೆ ತಾನೇ ಮೆತ್ತಗಾಗುತ್ತೆ."

ಭಾರ. ನಮ್ಮ ಮನೆಯಲ್ಲಿ ಭಾರಕ್ಕೆ ಬರವೇ?

ಇವರು ಮಲಗಿದ್ದರು. ವರಾಂಡದಿಂದ ಬಟ್ಟುಗಳನ್ನು ಒಂದೊಂದಾಗಿ ಹೊತ್ತು ಡಿಕ್ಕಿಗೆ ಹಾಕಿದೆ. ಏದುಸಿರು, ಬೆವರು. ಪಕ್ಕದ ಮನೆಯಾಕೆ ಮಹಡಿಯಿಂದ ಬಗ್ಗಿ, "ಏನ್ರೀ, ಊರು ಬಿಡ್ತಿದ್ದೀರಾ?" ಅಂದರು. ಮೇಲೊಂದು ಹಳೆ ಜಮಖಾನ ಮುಚ್ಚಿದೆ. ವರಾಂಡದ ಖಾಲಿ ಗೋಡೆಗೆ ಚಾಪೆ ಒರಗಿಸಿಟ್ಟೆ.

ಮಾರ್ಚ್ ೨೫, ಸೋಮವಾರ

ಹಂಪು ದಾಟಿದೆ. ದೋಣಿ ಹೋದ ಹಾಗೆ ಹೋಯಿತು! ಇವರ ಕೈ ಮಡಿಲಲ್ಲೇ ಇತ್ತು, ಹಿಡಿಗೆ ಹೋಗಲಿಲ್ಲ.

"ಇವತ್ತು ಮೆತ್ತಗಿದೆಯಲ್ಲ" ಅಂದೆ, ಏನೂ ಗೊತ್ತಿಲ್ಲದವಳಂತೆ.

"ಹೂಂ. ಹೊಸ ಸ್ಪ್ರಿಂಗು. ಪಳಗೋಕೆ ಒಂದೆರಡು ದಿನ ಬೇಕು" ಅಂದರು.

ನಗು ತಡೆದುಕೊಂಡೆ. ಕಬ್ಬಿಣ ತುಂಬಿದ ಕಾರಿನಲ್ಲಿ ಕಬ್ಬಿಣ ಎತ್ತಲಾಗದ ಗಂಡನನ್ನು ಕೂರಿಸಿಕೊಂಡು ಓಡಾಡುತ್ತಿದ್ದೇನೆ. ನನಗೆ ಬುದ್ಧಿ ಇದೆಯೋ ಇಲ್ಲವೋ ದೇವರೇ ಬಲ್ಲ. ಆದರೆ ನೋವಿಲ್ಲ. ಅಷ್ಟು ಸಾಕು.

ಏಪ್ರಿಲ್ ೮, ಸೋಮವಾರ

ಬರೆಯದೆ ಎಷ್ಟೋ ದಿನವಾಯಿತು. ಎಲ್ಲ ನೆಟ್ಟಗಿತ್ತು, ಬರೆಯಲು ಏನಿತ್ತು?

ಇವತ್ತು ನೆಟ್ಟಗಿಲ್ಲ. ಕೌಂಟರಿನಿಂದ ಬಂದೆ. ಇವರು ನಡುಮನೆಯಲ್ಲಿ ಫೋನ್ ಹಿಡಿದು ನಿಂತಿದ್ದರು. "ಆಗಲಿ ಸ್ವಾಮಿ, ಮುಂದಿನ ವಾರ ಬಂದು ನೋಡ್ತೀನಿ. ಬಟ್ಟು ಎಲ್ಲಾ ನಾನೇ ತರ್ತೀನಿ." ಫೋನಿಟ್ಟು ನನ್ನ ಕಡೆ ತಿರುಗಿದರು. ಹಿಟ್ಟಿನ ಗಿರಣಿಯವರಂತೆ. ದೊಡ್ಡ ತೂಕದ ಯಂತ್ರ ಕೆಟ್ಟಿದೆಯಂತೆ.

"ನೀವು ಎತ್ತುತ್ತೀರಾ?"

"ಮತ್ತೆ ಯಾರು ಎತ್ತಬೇಕು?"

ಆಪರೇಷನ್‌ಗೆ ಮುಂಚೆ ಎಡಗಾಲು ಎಳೆದು ಹಾಕುತ್ತಿದ್ದರು. ಆ ನರ ಮತ್ತೆ ಸಿಕ್ಕಿಕೊಂಡರೆ ಕಾಲೇ ಹೋಗಬಹುದು ಅಂತ ಸರ್ಜನ್ ಅಂದಿದ್ದರು. ಇದಕ್ಕೆಲ್ಲ ನಾನೇ ಕಾರಣ. ಹೆವಿ ಡ್ಯೂಟಿ ಹಾಕಿಸಿದವಳು ನಾನು. ಅದನ್ನು ಮೆತ್ತಗೆ ಮಾಡಿ ತೋರಿಸಿದವಳೂ ನಾನು. ಬೆನ್ನು ವಾಸಿಯಾಗಿದೆ ಅಂತಲೇ ಅಂದುಕೊಂಡಿರಬೇಕು ಪಾಪ. ಸರ್ಜನ್ ಹೂಂ ಅಂದರೇ? ಅನ್ನಬಹುದೇ? ಅಂದರೆ ಒಳ್ಳೆಯದೋ ಕೆಟ್ಟದ್ದೋ — ಅದೂ ಗೊತ್ತಾಗುತ್ತಿಲ್ಲ.

ಏಪ್ರಿಲ್ ೧೧, ಗುರುವಾರ

ಸರ್ಜನ್ನನ್ನು ಕಾರಿಡಾರಿನಲ್ಲಿ ಹಿಡಿದೆ. ಸ್ಕ್ಯಾನ್ ನೋಡಿದ್ದೀರಾ ಸರ್, ಇವರು ಭಾರ ಎತ್ತಬಹುದಾ ಅಂದೆ.

ಆಶ್ಚರ್ಯಪಟ್ಟರು. "ಅವರು ಹೇಳಿಲ್ವಾಮ್ಮಾ? ಇನ್ನು ಯಾವತ್ತೂ ಬೇಡ ಅಂತ ಹೇಳಿದ್ದೀನಿ. ಫಿಸಿಯೋ ಮುಗಿಸಿ ಒಬ್ಬರೇ ಬಂದು ಕೇಳಿದ್ರು."

"ಯಾವಾಗ ಸರ್?"

"ಹೋದ ತಿಂಗಳು, ಹದಿನಾಲ್ಕೋ ಹದಿನೈದೋ ಇರಬೇಕು. ಎರಡು ಸಲ ಕೇಳಿದ್ರು. ನಾನೂ ಎರಡು ಸಲ ಹೇಳಿದೆ."

ಹೋದ ತಿಂಗಳ ಮಧ್ಯ. ಹದಿನಾರಕ್ಕೆ ಬಟ್ಟು ಒರೆಸುತ್ತಾ ಕೂತಿದ್ದರಲ್ಲ, ಆ ಹೊತ್ತಿಗೇ ಗೊತ್ತಿತ್ತು. ಹಾಗಿದ್ದರೆ "ಆಯ್ತು" ಅಂದದ್ದು ಯಾಕೆ? ಗಿರಣಿಗೆ ಒಪ್ಪಿದ್ದು ಯಾಕೆ? ಕಾಲು ಹೋದರೂ ಪರವಾಗಿಲ್ಲ ಅಂತಲೇ? ಯಾರಿಗೋ ಕೆಮ್ಮಿನ ಔಷಧಿ ಬದಲು ಮುಲಾಮು ಕೊಟ್ಟು ಬೈಸಿಕೊಂಡೆ.

ಏಪ್ರಿಲ್ ೧೨, ಶುಕ್ರವಾರ

ಫಿಸಿಯೋದಿಂದ ಹಿಂತಿರುಗುವಾಗ ರಸ್ತೆ ಬದಿಗೆ ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಕೈ ಸ್ಟೀರಿಂಗ್ ಮೇಲೇ ಇಟ್ಟುಕೊಂಡು ಹೇಳಿದೆ: "ಡಿಕ್ಕಿಯಲ್ಲಿ ನಿಮ್ಮ ಬಟ್ಟು ಇವೆ."

"ಗೊತ್ತು."

"ಯಾವಾಗಿಂದ?"

"ಮೊದಲ ದಿನದಿಂದ. ಬಲಗಡೆ ಒಂದು ಜಾಸ್ತಿ ಹಾಕಿದ್ದೀಯ. ಗಾಡಿ ವಾಲ್ತಾ ಇದೆ."

ಅಳಬೇಕೋ ನಗಬೇಕೋ. ಜೀವನವಿಡೀ ತೂಕ ನೋಡಿದವರಿಂದ ತೂಕ ಮುಚ್ಚಿಡಲು ಹೋಗಿದ್ದೆನಲ್ಲ. ಸರ್ಜನ್ ಹೇಳಿದ್ದನ್ನೂ ಹೇಳಿದೆ.

"ಮತ್ತೆ ಯಾಕ್ರೀ ನಾಟಕ? ಗಿರಣಿಯವರಿಗೆ ಏನು ಹೇಳೋಣ?"

"ಗಿರಣಿಯವರು ಫೋನೇ ಮಾಡಿಲ್ಲ."

ಅರ್ಥವಾಗಲಿಲ್ಲ. ಇವರು ಎದುರಿನ ಗಾಜು ನೋಡುತ್ತಾ, ನಿಧಾನವಾಗಿ: "ಆ ಕಡೆ ಯಾರೂ ಇರಲಿಲ್ಲ ಕಣೇ. ನೀನು ಬರೋ ಸದ್ದು ಕೇಳಿ ಮಾತಾಡಿದೆ. ನೀನು ಹೆವಿ ಡ್ಯೂಟಿ ಹಾಕಿಸಿದೆ. ಅಷ್ಟೂ ಕಬ್ಬಿಣ ಒಬ್ಬಳೇ ಹೊತ್ತು ತುಂಬಿಸಿದೆ. ನಾನು ಕೆಲಸಕ್ಕೆ ಹೋಗ್ತೀನಿ ಅಂತ ಗಾಡಿ ಅಣಿ ಮಾಡ್ತಿದ್ದೀಯ ಅಂದುಕೊಂಡೆ. ಇವಳು ಇಷ್ಟು ನಂಬಿರುವಾಗ ಆಗಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

"ನಿಮ್ಮ ಬೆನ್ನಿಗೆ ಧಡ್ ಅನ್ನಬಾರದು ಅಂತ ಹಾಕಿದ್ದು ರೀ."

"ಅಷ್ಟೇನಾ?"

"ಅಷ್ಟೇ."

ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ನನಗೂ ಉಕ್ಕಿ ಬಂತು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ.

ಏಪ್ರಿಲ್ ೧೪, ಭಾನುವಾರ. ಬೆಳಿಗ್ಗೆ

ನಾಳೆ ಕಂಫರ್ಟ್ ಸೆಟ್. ಇವರೇ ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳಿದರು. ಈ ಸಲ ಆ ಕಡೆ ಮನುಷ್ಯ ಇದ್ದ. ಅವನ ನಗು ನನಗೇ ಕೇಳಿಸಿತು. ಇವರ ಕಸುಬಿನವನೇ ಒಬ್ಬ ಬಟ್ಟುಗಳನ್ನು ಒಯ್ಯಲು ಬರುತ್ತಾನೆ. ಅಷ್ಟರಲ್ಲಿ ಇಳಿಸಿಡೋಣ ಅಂದೆ. ಇಳಿಸುವುದು ನಾನೇ. ಇವರದು ಬರೀ ಉಸ್ತುವಾರಿ.

"ಸೊಂಟ ಬಗ್ಗಿಸಬೇಡ. ಮಂಡಿ ಬಗ್ಗಿಸು. ಮೈಗೆ ಹತ್ತಿರ ಹಿಡಿ. ಅವಸರ ಬೇಡ ಮಾರಾಯ್ತಿ!"

ಇಷ್ಟೆಲ್ಲ ಗೊತ್ತಿದ್ದವರು ತಾವು ಯಾಕೆ ಹಾಗೆ ಎತ್ತಲಿಲ್ಲವೋ. ಕೇಳಲಿಲ್ಲ.

ಕೊನೆಯ ಬಟ್ಟು ಡಿಕ್ಕಿಯ ಮೂಲೆಗೆ ಸರಿದುಬಿಟ್ಟಿತ್ತು. ನನ್ನ ಕೈಗೆ ಎಟುಕಲಿಲ್ಲ. ಇವರು ಮುಂದೆ ಬಂದು ಕೈ ಚಾಚಿದರು. ಬೆರಳು ಹಿಡಿಕೆಗೆ ತಾಗಿತು. ನಾನು ಬಾಯಿ ತೆರೆಯುವ ಮೊದಲೇ ತಾವಾಗಿ ಹಿಂದೆ ಸರಿದರು. ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು, ಶಾಲೆಯ ಹುಡುಗನ ಹಾಗೆ ಗೋಡೆ ಪಕ್ಕ ಹೋಗಿ ನಿಂತರು. ನಾನು ಡಿಕ್ಕಿಯೊಳಗೆ ಮಂಡಿಯೂರಿ, ಅವರು ಹೇಳಿಕೊಟ್ಟ ಹಾಗೇ ಮೈಗೆ ಹತ್ತಿರ ಹಿಡಿದು, ಆ ಕೊನೆಯ ಬಟ್ಟನ್ನೂ ಇಳಿಸಿದೆ.