ಕುರ್ಚಿ ಕೇಳಲು ಬಂದು ಧನ್ಯವಾದ ಹೇಳಿ ಹೋದವರ ಪರವಾಗಿ

ಮಕ್ಕಳ ಪಾಲನಾ ಇಲಾಖೆಯ ಮಾನ್ಯ ನಿರ್ದೇಶಕರೇ,

ಕಳೆದ ವಾರ ನಿಮ್ಮ ಕೊಠಡಿಯಲ್ಲಿ ಒಕ್ಕೊರಲಿನಿಂದ ಧನ್ಯವಾದ ಹೇಳಿದ ನಾಲ್ವರಲ್ಲಿ ನಾನೂ ಒಬ್ಬ. ನನ್ನ ಪಾಲಿನದನ್ನು ಈ ಪತ್ರದ ಮೂಲಕ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ನಾವು ಬಂದಿದ್ದು ದೂರು ಹೇಳಲು. ನಿಮ್ಮ ಇಲಾಖೆಯ ಅನಾಥ ಮಕ್ಕಳ ಹೋಮ್‌ನಲ್ಲಿರುವ ಒಬ್ಬ ಹುಡುಗಿಯ ತಂಗಿಯನ್ನು ದೂರದ ಇನ್ನೊಂದು ಹೋಮ್‌ಗೆ ಕಳಿಸಬೇಕೋ ಬೇಡವೋ ಎಂದು ಬರುವ ಗುರುವಾರ ನಿಮ್ಮ ಸಭೆ ತೀರ್ಮಾನಿಸಲಿದೆ. ಆ ಸಭೆಯಲ್ಲಿ ಹುಡುಗಿಯ ಪಕ್ಕ ಅವಳೇ ಆರಿಸಿಕೊಂಡ ಒಬ್ಬರು ಕೂರಲಿ ಎಂದು ನಮ್ಮ ಗುಂಪು ಕೇಳಿತ್ತು. ರಕ್ತಸಂಬಂಧಿಗಳಿಗೆ ಮಾತ್ರ ಪ್ರವೇಶ ಎಂದು ನಿಮ್ಮ ಕಚೇರಿ ಹೇಳಿತು. ಸ್ವಾಮಿ, ಅವಳಿಗಿರುವ ಒಬ್ಬಳೇ ರಕ್ತಸಂಬಂಧಿ ಮೂರನೇ ಕ್ಲಾಸಿನಲ್ಲಿದ್ದಾಳೆ. ನೀವು ಸಾಗಹಾಕಲು ಹೊರಟಿರುವುದು ಅವಳನ್ನೇ.

ನಾನು ಅಂಥ ದೊಡ್ಡ ಮನುಷ್ಯನೇನಲ್ಲ, ಫ್ರಿಜ್ ರಿಪೇರಿಯವನು. ಬೆಳೆದದ್ದು ನಿಮ್ಮದೇ ಇಲಾಖೆಯ ಹೋಮ್‌ನಲ್ಲಿ. ಅಲ್ಲಿನ ಅಡುಗೆಮನೆಯ ಫ್ರಿಜ್‌ಗೆ ಬೀಗವಿತ್ತು. ಈಗ ಹೊಟ್ಟೆಪಾಡಿಗೆ ಊರವರ ಫ್ರಿಜ್‌ಗಳನ್ನೆಲ್ಲ ಬಿಚ್ಚಿ ಹರಡುವ ನಾನು, ಪ್ರತಿ ಸಲವೂ ಬಾಗಿಲಿಗೆ ಕೈ ಹಾಕುವ ಮೊದಲು "ತೆಗೀಲಾ ಮೇಡಂ?" ಎಂದು ಕೇಳುತ್ತೇನೆ. ಗಿರಾಕಿಗಳು ಎಂಥ ಸಂಸ್ಕಾರವಂತ ಎಂದು ಮೆಚ್ಚಿಕೊಳ್ಳುತ್ತಾರೆ. ಮನೆಯಲ್ಲೂ ಇದೇ ಕಥೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಇದನ್ನು ಪ್ರೀತಿ ಎಂದುಕೊಂಡಿದ್ದಳು, ಪಾಪ. ಈಗ, "ನಿಮ್ಮದೇ ಫ್ರಿಜ್ ಕಣ್ರೀ, ತೆಗೆದು ಸಾಯ್ರಿ" ಎನ್ನುತ್ತಾಳೆ.

ಇಂಥ ಘನವಂತರೆಲ್ಲ ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಹೋಮ್‌ಗಳಲ್ಲಿ ಬೆಳೆದು ಹೊರಬಂದವರು, ಇನ್ನೂ ಒಳಗಿರುವ ದೊಡ್ಡ ಮಕ್ಕಳು, ಭಾನುವಾರ ಮಧ್ಯಾಹ್ನ ನನ್ನ ಅಂಗಡಿಯ ಹಿಂಬದಿಯಲ್ಲಿ ಕೆಟ್ಟ ಫ್ರಿಜ್‌ಗಳ ಸಂದಿಯಲ್ಲಿ ಕೂರುತ್ತೇವೆ. ಬಸ್ ಕಂಡಕ್ಟರ್ ಅಕ್ಕ ನಮ್ಮ ಅಧ್ಯಕ್ಷೆ. ಒಬ್ಬಳು ನರ್ಸ್ ಇದ್ದಾಳೆ, ಒಬ್ಬ ಬೇಕರಿಯವನಿದ್ದಾನೆ. ನಾವು ಮಾಡುವ ಕ್ರಾಂತಿ ಏನೆಂದು ಕೇಳಿದರೆ ನಿಮಗೆ ನಗು ಬಂದೀತು. ಎರಡು ತಟ್ಟೆಯಲ್ಲಿ ಎರಡು ಬಗೆಯ ಬಿಸ್ಕತ್ತು ಇಟ್ಟು, ಯಾವುದು ಬೇಕು ಹೇಳಿ ಎನ್ನುತ್ತೇವೆ. "ಯಾವ್ದಾದ್ರೂ ಪರವಾಗಿಲ್ಲ" ಎಂದವರಿಗೆ ಬಿಸ್ಕತ್ತಿಲ್ಲ. ಶುರುವಿನಲ್ಲಿ ಎಷ್ಟೋ ವಾರ ಬಿಸ್ಕತ್ತು ಖರ್ಚೇ ಆಗಲಿಲ್ಲ. ಮೆತ್ತಗಾದದ್ದನ್ನೆಲ್ಲ ಬೇಕರಿಯವನು ಬೈದುಕೊಂಡು ವಾಪಸ್ ಒಯ್ಯುತ್ತಿದ್ದ.

ಹೀಗೆ ತಯಾರಾದ ಸೈನ್ಯ ನಿಮ್ಮ ಮೇಲೆ ದಂಡೆತ್ತಿ ಬಂದಿತ್ತು. ಕಾರಿಡಾರಿನ ಬೆಂಚಿನ ಮೇಲೆ ಕೂತು ಮಾತು ಹಂಚಿಕೊಂಡಿದ್ದೆವು. ಅಕ್ಕ ಶುರು ಮಾಡುವುದು, ನರ್ಸ್ ನಿಯಮ ಹೇಳುವುದು, ಬೇಕರಿಯವನು ಹುಡುಗಿಯ ವಿಷಯ ವಿವರಿಸುವುದು, ಕೊನೆಗೆ ನಾನು ಮೇಜು ಗುದ್ದುವುದು. ಗುದ್ದುವುದನ್ನು ಮನೆಯಲ್ಲಿ ಅಭ್ಯಾಸವೂ ಮಾಡಿದ್ದೆ. ನಮ್ಮನ್ನು ಒಳಗೆ ಕೂರಿಸಿದರು. ಆಮೇಲೆ ತಾವು ಬಂದಿರಿ, ಏಳಬೇಡಿ ಎನ್ನುವಂತೆ ಕೈ ಎತ್ತಿದಿರಿ. ಅಷ್ಟೇ ಸಾಕಾಯಿತು. ನಾಲ್ವರೂ ದಡಬಡನೆ ಎದ್ದು, ಕೈಜೋಡಿಸಿ, "ನಮಸ್ತೇ ಸರ್, ತುಂಬಾ ಧನ್ಯವಾದಗಳು ಸರ್" ಎಂದು ಎಳೆದು ಎಳೆದು ರಾಗವಾಗಿ ಹೇಳಿಬಿಟ್ಟೆವು.

ಹೋಮ್‌ಗೆ ಬಟ್ಟೆಯನ್ನೋ ಸಿಹಿಯನ್ನೋ ಹಂಚಲು ಯಾರಾದರೂ ಬಂದಾಗ ವಾರ್ಡನ್ ಹಾಗೆ ಕೈ ಎತ್ತುತ್ತಿದ್ದರು, ನಾವು ಹಾಗೆ ಹೇಳುತ್ತಿದ್ದೆವು. ನಾವು ನಾಲ್ವರೂ ಬೇರೆ ಬೇರೆ ಹೋಮ್‌ಗಳಲ್ಲಿ ಬೆಳೆದವರು, ರಾಗ ಮಾತ್ರ ಒಂದೇ. ಇಷ್ಟು ಏಕರೂಪವಾಗಿ ಇಲಾಖೆ ಇನ್ನೇನನ್ನಾದರೂ ಜಾರಿಗೆ ತಂದಿದೆಯೋ ಕಾಣೆ. ತಾವು ಖುಷಿಪಟ್ಟಿರಿ, ನಮ್ಮ ಶಿಸ್ತನ್ನು ಹೊಗಳಿದಿರಿ, ನಮ್ಮನ್ನು ನೋಡಿ ತಮ್ಮ ಸೇವೆ ಸಾರ್ಥಕವಾಯಿತು ಎಂದಿರಿ. ನಾವು ಚಹಾ ಕುಡಿದು, ಹಲ್ಲು ಕಿರಿದು, ಬೆನ್ನು ತೋರಿಸದೆ ಹಿಂದಹಿಂದಕ್ಕೆ ನಡೆದು ಹೊರಬಂದೆವು. ಬಸ್ ಸ್ಟಾಪಿಗೆ ಬಂದ ಮೇಲೆ ಅಕ್ಕ ನಿಧಾನವಾಗಿ, "ಅಲ್ರೋ, ನಾವು ಬಂದಿದ್ದು ಜಗಳ ಆಡೋಕಲ್ವಾ?" ಎಂದಳು. ದಿನಾ ನೂರಾರು ಪ್ರಯಾಣಿಕರನ್ನು ಗದರಿಸುವ ಹೆಂಗಸು. ಅವಳ ಗತಿಯೇ ಹೀಗಾದರೆ ನನ್ನ ಮೇಜಿನ ಗುದ್ದಿನ ಮಾತು ಬಿಡಿ.

ನಗಿ ಸ್ವಾಮಿ, ನಾವೂ ನಕ್ಕಿದ್ದೇವೆ. ಆದರೆ ಹೋದ ತಿಂಗಳ ಸಭೆಯಲ್ಲಿ ಆ ಹುಡುಗಿಗೂ ಆದದ್ದು ಇದೇ. ಉದ್ದನೆಯ ಮೇಜು, ಸುತ್ತ ದೊಡ್ಡವರು, ತುದಿಯಲ್ಲಿ ಅವಳೊಬ್ಬಳು. ತಂಗಿಯನ್ನು ಬೇರೆ ಕಡೆ ಕಳಿಸಿದರೆ ನಿನ್ನದೇನಾದರೂ ಆಕ್ಷೇಪವಿದೆಯಾ ಎಂದು ಒಬ್ಬರು ಮೃದುವಾಗಿಯೇ ಕೇಳಿದರು. "ಇಲ್ಲ ಮೇಡಂ, ಥ್ಯಾಂಕ್ಸ್ ಮೇಡಂ" ಎಂದಳು. ಒಪ್ಪಿಗೆ ಇದೆ ಎಂದು ಬರೆದುಕೊಂಡು, ಕೊನೆಯ ತೀರ್ಮಾನವನ್ನು ಈ ಗುರುವಾರಕ್ಕೆ ಇಟ್ಟುಕೊಂಡಿರಿ. ಅದರ ಮುಂದಿನ ಭಾನುವಾರ ನಮ್ಮ ಅಂಗಡಿಗೆ ಬಂದು, ಫ್ರಿಜ್ಜಿಗೆ ತಲೆ ಆನಿಸಿ ಒಂದೇ ಸಮನೆ ಅತ್ತಳು. ಗುಂಡಿ ಒತ್ತಿದರೆ ಧನ್ಯವಾದ ಹೇಳುವಂತೆ ಮಕ್ಕಳನ್ನು ಬೆಳೆಸಿ, ಆಮೇಲೆ ಆ ಧನ್ಯವಾದವನ್ನೇ ಅವರ ಅಭಿಪ್ರಾಯವೆಂದು ದಾಖಲಿಸುವುದು ಯಾವ ಸೀಮೆಯ ನ್ಯಾಯ? ನನಗೆ ಸಿಟ್ಟು ಬರುತ್ತಿದೆ, ಬರೆಯುವಾಗ ಮಾತ್ರ ಬರುತ್ತದೆ ಎಂಬುದೇ ನನ್ನ ದೌರ್ಭಾಗ್ಯ.

ನಿಮ್ಮ ಕಚೇರಿಯಿಂದ ಸೋತು ಬಂದ ಮೇಲೆ, ಗುರುವಾರ ನಿನ್ನ ಪಕ್ಕ ಯಾರು ಕೂರಬೇಕು ಎಂದು ಹುಡುಗಿಯನ್ನು ಕೇಳಿದಾಗ, ನಾವೆಲ್ಲ ಅಕ್ಕನ ಕಡೆ ನೋಡಿದೆವು. ಹುಡುಗಿ ನನ್ನ ಕಡೆ ಕೈ ತೋರಿಸಿದಳು. ನಾನು ಗಾಬರಿಯಾಗಿ, ಬೇಡಮ್ಮ, ಅವರು ಕೈ ಎತ್ತಿದರೆ ನಾನು ಮತ್ತೆ ಎದ್ದು ನಿಲ್ಲುವವನು ಎಂದೆ.

"ಅಕ್ಕ ಬಂದ್ರೆ ಜಗಳ ಆಡ್ತಾರೆ. ಆಮೇಲೆ ಅದು ಅಕ್ಕನ ಜಗಳ ಆಗೋಗುತ್ತೆ," ಎಂದಳು. "ನೀವು ಸುಮ್ನೆ ಕೂತಿರಿ ಅಣ್ಣ. ನಾನು ಮಾತಾಡ್ತೀನಿ."

ವಾದಿಸಲು ಬರುವುದಿಲ್ಲ ಎಂಬ ಅರ್ಹತೆಯ ಮೇಲೆ ಆಯ್ಕೆಯಾದ ಪ್ರತಿನಿಧಿ ಲೋಕದಲ್ಲಿ ನಾನೊಬ್ಬನೇ ಇರಬೇಕು. ಮೊದಲು ಅವಮಾನವಾಯಿತು, ಆಮೇಲೆ ಹೆಮ್ಮೆಯಾಯಿತು. ಇಂಥ ಮೇಜಿನೆದುರು ಮಾತು ಹೇಗೆ ಧನ್ಯವಾದವಾಗಿ ಹೊರಡುತ್ತದೆ ಎಂದು ಬಲ್ಲವನೊಬ್ಬ ಪಕ್ಕದಲ್ಲಿದ್ದರೆ, ಮಾತು ಹೊರಬರುವವರೆಗೆ ಅವಳು ಕಾಯಬಲ್ಲಳು. ನೀವೂ ಸ್ವಲ್ಪ ಕಾಯಬೇಕಾಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆ. ಅಲ್ಲ, ಬೇಡಿಕೆ ಎಂದರೆ ಮತ್ತೆ ಕೈಜೋಡಿಸಿದಂತಾಗುತ್ತದೆ. ನಮ್ಮ ಒತ್ತಾಯ: ಯಾವ ಮಗುವಿನ ಬದುಕನ್ನು ನಿಮ್ಮ ಸಭೆ ತೀರ್ಮಾನಿಸಿದರೂ ಅದರ ಪಕ್ಕ ಅದೇ ಆರಿಸಿದವರಿಗೆ ಒಂದು ಕುರ್ಚಿ ಇರಲಿ. ಮಗು ಇಲ್ಲ ಎಂದರೂ ಹೂಂ ಎಂದರೂ ಇನ್ನೊಮ್ಮೆ ಕೇಳಿ. ಇದು ಈ ಗುರುವಾರದಿಂದಲೇ ಶುರುವಾಗಲಿ.

ಚಿಕ್ಕವಳಿಗೆ ಇನ್ನೂ ವಿಷಯ ಗೊತ್ತಿಲ್ಲ. ಹೇಳಿಬಿಡಬಾರದೇನಮ್ಮ ಎಂದು ನಾನು ದೊಡ್ಡವಳನ್ನು ಕೇಳಿದೆ.

"ಏನಂತ ಹೇಳ್ಲಿ ಅಣ್ಣ?" ಎಂದಳು. "ನಾನೇ ಕಳಿಸಿ ಅಂದೆ ಅಂತಾನಾ?"

ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ. ನಿಮಗೆ ಉತ್ತರ ತೋಚುವುದಾದರೆ ಗುರುವಾರದೊಳಗೆ ತೋಚಲಿ.

ಇಂತಿ,
ವಿಧೇಯತೆಯ ಕಾಯಿಲೆ ಇನ್ನೂ ವಾಸಿಯಾಗದ ನಿಮ್ಮ ಹೋಮ್‌ನ ಹಳೆಯ ಹುಡುಗ,
ಗುರುವಾರ ಅಂಗಡಿ ಮುಚ್ಚಿ ನಿಮ್ಮ ಬಾಗಿಲಲ್ಲಿ ಬೆವರುತ್ತಾ ನಿಂತಿರುವವನು