ಗಾಜಿನೊಳಗಿನ ಗೆರೆ

ಗೊರೇಬಾಳ
14 ನವೆಂಬರ್ 2024, ಮಧ್ಯಾಹ್ನ ಮೂರು ಗಂಟೆ

ಅಕ್ಕ ಕಸ್ತೂರೆಮ್ಮನಿಗೆ ತಮ್ಮನ ನಮಸ್ಕಾರ.

ಈಗಷ್ಟೇ ಪಾಳಿ ಮುಗಿಸಿ ಬಂದೆ. ನೀನು ಫೋನ್ ಮಾಡಿದಾಗೆಲ್ಲ ಎರಡು ಮಾತಾಡಿ ಇಟ್ಟುಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಸೂಗಪ್ಪ ಮಾಮ ನಿನ್ನನ್ನೂ ಮಗಳನ್ನೂ ಬಿಟ್ಟು ತೀರಿಹೋಗಿ ಮೂರು ತಿಂಗಳಾಯಿತು. ಕಾಗದ ಬರೆಯಲು ಇಷ್ಟು ದಿನ ಹಿಡಿಯಿತು.

ಇಲ್ಲಿ ಭತ್ತದ ಕೊಯ್ಲು ನಡೆದಿದೆ. ಹೊಟ್ಟಿನ ಲಾರಿಗಳು ನಮ್ಮ ಕಾರ್ಖಾನೆ ಗೇಟಿನಿಂದ ಕಾಲುವೆಯವರೆಗೆ ನಿಂತಿವೆ. ಆ ಹೊಟ್ಟು ಕಾಯಿಸಿ ಬಂದ ಗ್ಯಾಸಿನಿಂದ ಮಾಡಿದ ಇಂಧನದ ಎಣ್ಣೆಯಲ್ಲಿ ಸ್ಪಿರಿಟ್ ಬೆರೆತಿರುತ್ತದೆ. ನೀರು ಹಾಕಿ ತೊಳೆದರೆ ಸ್ಪಿರಿಟ್ ನೀರಿನ ಜೊತೆ ಕೆಳಗಿಳಿಯುತ್ತದೆ, ಎಣ್ಣೆ ಮೇಲೆ ನಿಲ್ಲುತ್ತದೆ. ನಡುವೆ ಒಂದು ಸಣ್ಣ ಗೆರೆ. ಗಾಜಿನ ಕಿಂಡಿಯಲ್ಲಿ ಅದನ್ನು ನೋಡುತ್ತ, ಕೆಳಗಿನ ನೀರಷ್ಟೇ ಹರಿಯುವಂತೆ ವಾಲ್ವ್ ತಿರುಗಿಸುವುದು ನನ್ನ ಕೆಲಸ. ಆಮೇಲೆ ಆ ನೀರು ಕಾಯಿಸಿ ಸ್ಪಿರಿಟ್ ಬೇರೆ ಮಾಡುತ್ತಾರೆ. ನೋಡಲು ತಿಳಿನೀರು, ಕುಡಿದರೆ ವಿಷ.

ಇವತ್ತು ವಾಲ್ವ್ ಮುಚ್ಚುವುದು ತಡವಾಗಿ ಎಣ್ಣೆಯೂ ಹರಿದುಹೋಯಿತು. ಜೊತೆಗಾರ ಇಶ್ತಿಯಾಕ್, "ಲೇ ಸಿದ್ಯಾ, ಕಣ್ಣು ಎಲ್ಲಿ ಇಟ್ಟೀಲೇ? ಮದಿವಿ ವಯಸ್ಸು ದಾಟ್ಯಾದ, ಇನ್ನ ಯಾರ್ನ ನೆನಸಾಕತ್ತೀ?" ಅಂತ ನಕ್ಕ. ನಾನೂ ನಕ್ಕೆ. ಕಿಂಡಿಗೆ ಮುಖ ಕೊಟ್ಟರೆ ನನಗೆ ಮಾಮನ ದನಿ ಕೇಳುತ್ತದೆ. ದವಾಖಾನೆಗೆ ಒಯ್ದ ದಿನ ಹನ್ನೆರಡು ಗಂಟೆಯ ಬಿಸಿಲು ಹಾಸಿಗೆ ಮೇಲೆ ಬಿದ್ದಿತ್ತು. "ಕತ್ತಲಾಗ್ಯಾದ, ಲೈಟ್ ಹಚ್ಚರಲೇ" ಅಂತ ಗೋಡೆ ತಡಕಿದರಲ್ಲ.

ಮೊನ್ನೆ ನೀನು, "ಕುಡಿಯಂಗಿಲ್ಲಂತ ಮಾಡಿದ ಆಣಿ ಮುರದು, ಎಲ್ಲೋ ಹೋಗಿ ಕುಡದು ಸತ್ತಾನ ಅವ. ಅವನ ಫೋಟೋ ನನ್ನ ಗ್ವಾಡಿಗೆ ಬ್ಯಾಡ" ಅಂದೆ. ನಿನ್ನ ಬಾಯಲ್ಲಿ ಮಾಮನಿಗೆ 'ಅವ' ಅಂತ ಬಂದದ್ದು ನಾನು ಕೇಳಿದ್ದು ಅದೇ ಮೊದಲು.

ದೀಪಿಕಾಳಿಗೆ ಆಶೀರ್ವಾದ, ಓದು ಬಿಡದಿರಲಿ. ನಿನ್ನ ಹೊಲಿಗೆ ಮತ್ತೆ ಶುರುವಾಗಲಿ.

ನಿನ್ನ ತಮ್ಮ
ಸಿದ್ದಲಿಂಗೇಶ

ತಾ.ಕ.: ಅಕ್ಕ, ಮಾಮ ಕುಡಿಯಲು ಎಲ್ಲಿಗೂ ಹೋಗಿರಲಿಲ್ಲ. ಹೊಲಿಗೆ ಮಷೀನಿನ ಜಿಡ್ಡು ತೆಗೆಯಲು ಏನಾದರೂ ತಾ ಅಂದಿದ್ದೆಯಲ್ಲ, ಕಾರ್ಖಾನೆಯ ಸ್ಪಿರಿಟ್ ತಂದಿದ್ದೆ. ಡಬ್ಬಿ ಸಿಗದೆ ಬ್ರಾಂದಿಯ ಖಾಲಿ ಬಾಟಲಿಗೆ ತುಂಬಿದ್ದೆ. ನೀನು ಬಟ್ಟೆ ತರಲು ಹೋಗಿದ್ದೆ. ಮಷೀನಿನ ಕೆಳಗಿಟ್ಟು, ಯಾರಿಗೂ ಹೇಳದೆ ಪಾಳಿಗೆ ಬಸ್ಸು ಹಿಡಿದೆ. ಹನ್ನೊಂದು ತಿಂಗಳಿಂದ ಕುಡಿತ ಬಿಟ್ಟಿದ್ದ ಮನುಷ್ಯನ ಕಣ್ಣೆದುರು ನಾನೇ ಆ ಬಾಟಲಿ ಇಟ್ಟೆ. ಮರುದಿನ ನೀನು ಕರೆದಾಗ ಬಂದು ನೋಡಿದರೆ ಬಾಟಲಿ ಅರ್ಧ ಖಾಲಿ. ಲಿಂಗಸುಗೂರಿನ ದವಾಖಾನೆಯಲ್ಲಿ ಡಾಕ್ಟರು, "ಏನು ಕುಡಿದಾರ, ಯಾರಿಗಾದ್ರೂ ಗೊತ್ತೇನ್ರೀ?" ಅಂತ ಎರಡು ಸಲ ಕೇಳಿದರು. ಬಾಟಲಿ ನನ್ನ ಚೀಲದಲ್ಲಿತ್ತು. ನಾನು ಬಾಯಿ ಬಿಡಲಿಲ್ಲ.

ಈ ಕಾಗದ ಅಂಚೆಗೆ ಹಾಕುವುದಿಲ್ಲ. ನಾಳೆ ಎಂಟರ ಬಸ್ಸಿಗೆ ಮಸ್ಕಿಗೆ, ನಿನ್ನ ಮನೆಗೆ, ನಾನೇ ತರುತ್ತೇನೆ.